ಬೆರ್ಚಪ್ಪನಿಗೆ ಮಂಗ ಯಾಕೆ ಹೆದರುವುದಿಲ್ಲ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾವ ಅಡಿಕೆ ತೋಟದವರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಕಥೆ. ಹಳೇ ಅಂಗಿ ತೊಡಿಸಿ ಬೆರ್ಚಪ್ಪ, ಅಂದರೆ ಬೆದರುಗೊಂಬೆ, ನಿಲ್ಲಿಸಿದರೆ ಒಂದೆರಡು ದಿನ ಮಂಗ ಹತ್ತಿರ ಸುಳಿಯುವುದಿಲ್ಲ. ಆಮೇಲೆ ದೂರದ ಮರದಿಂದ ನೋಡುತ್ತದೆ. ವಾರ ಕಳೆಯುವುದರೊಳಗೆ ಬೆರ್ಚಪ್ಪನ ಹೆಗಲ ಮೇಲೇ ಕುಳಿತು ಬಾಳೆಹಣ್ಣು ಸುಲಿಯುತ್ತದೆ. ಗರ್ನಾಲು ಹೊಡೆದರೂ ಅಷ್ಟೇ, ಪೈಪಿನ ಗನ್ ಸಿಡಿಸಿದರೂ ಅಷ್ಟೇ. ಹುಲಿಯ ಗೊಂಬೆ ತಂದಿಟ್ಟವರಿದ್ದಾರೆ. ಸಾಕಿದ ನಾಯಿಗೆ ಹುಲಿಯ ಪಟ್ಟೆ ಬಳಿದವರೂ ಮಲೆನಾಡಿನಲ್ಲಿದ್ದಾರೆ.

ಕೊನೆಗೆ "ಮಂಗಕ್ಕೆ ಬುದ್ಧಿ ಜಾಸ್ತಿ" ಎಂದು ಹೇಳಿ, ಕವಳ ಉಗಿದು, ಮಾತು ಮುಗಿಸುತ್ತೇವೆ.

ಮಂಗನಿಗೆ ಬುದ್ಧಿ ಇದೆ, ಸುಳ್ಳಲ್ಲ. ಆದರೆ ಬೆರ್ಚಪ್ಪನನ್ನು ಸೋಲಿಸಲು ಅಷ್ಟು ಬುದ್ಧಿ ಬೇಕಿಲ್ಲ. ಸಮುದ್ರದ ತಳದಲ್ಲಿ ತೆವಳುವ ಒಂದು ಹುಳದಂಥ ಜೀವಿಗೂ ಅದು ಸಾಧ್ಯ. ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂದು ವಿಜ್ಞಾನಿಗಳು 120 ವರ್ಷಕ್ಕಿಂತ ಹೆಚ್ಚು ಕಾಲದಿಂದ ಪ್ರಯೋಗ ಮಾಡುತ್ತಿದ್ದಾರೆ. ನಾಯಿ, ಬೆಕ್ಕು, ಇಲಿ, ಪಾರಿವಾಳ, ಜೇನುನೊಣ, ಕಾಗೆ ಎಲ್ಲವೂ ಆ ಪಟ್ಟಿಯಲ್ಲಿವೆ. ಅಷ್ಟೂ ಪ್ರಯೋಗಗಳನ್ನು ಓದಿದರೆ ನನಗೆ ಮುಖ್ಯ ಅನಿಸುವುದು ಒಂದೇ ಸಂಗತಿ. "ಇದಾದ ಮೇಲೆ ಏನಾಗುತ್ತದೆ?" ಎಂಬ ಲೆಕ್ಕವನ್ನು ಪ್ರಾಣಿ ಸದಾ ಹಾಕುತ್ತಿರುತ್ತದೆ. ತೋಟದಲ್ಲಿ ಆ ಲೆಕ್ಕಕ್ಕೆ ಅಂಕಿ ಒದಗಿಸುವವರು ನಾವೇ.

ಮೊದಲು ಆ ಸಮುದ್ರದ ಜೀವಿ. ಹೆಸರು ಅಪ್ಲಿಸಿಯಾ. ಬಸವನಹುಳುವಿನ ಬಳಗ, ಆದರೆ ಹೊರಗೆ ಚಿಪ್ಪು ಕಾಣುವುದಿಲ್ಲ. ಪಾಚಿ ತಿಂದು ಬದುಕುತ್ತದೆ. ನಮ್ಮ ಮಿದುಳಿನಲ್ಲಿ ಸಾವಿರಾರು ಕೋಟಿ ನರಕೋಶಗಳಿದ್ದರೆ ಇದರ ಇಡೀ ಮೈಯಲ್ಲಿ ಇರುವುದು ಸುಮಾರು 20,000. ಅಮೆರಿಕದ ಎರಿಕ್ ಕ್ಯಾಂಡೆಲ್ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದು: ಕೋಶಗಳು ಕಡಿಮೆ, ಗಾತ್ರದಲ್ಲಿ ದೊಡ್ಡವು. ಯಾವ ಕೋಶ ಏನು ಮಾಡುತ್ತಿದೆ ಎಂದು ಒಂದೊಂದನ್ನೇ ನೋಡಬಹುದು.

ಅಪ್ಲಿಸಿಯಾದ ಮೈಮೇಲಿನ ನೀರು ಬಿಡುವ ಕೊಳವೆಯನ್ನು ಮೆಲ್ಲಗೆ ಮುಟ್ಟಿದರೆ ಅದು ಥಟ್ಟನೆ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮುಟ್ಟಿದರೆ ಸ್ವಲ್ಪ ಕಡಿಮೆ ಎಳೆದುಕೊಳ್ಳುತ್ತದೆ. ಹತ್ತು ಸಲ ಮುಟ್ಟುವಷ್ಟರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಸುಸ್ತಾಗಿ ಸುಮ್ಮನಾಯಿತೇ? ಅಲ್ಲ. ಬಾಲಕ್ಕೆ ಸಣ್ಣ ಶಾಕ್ ಕೊಟ್ಟು ನಂತರ ಅದೇ ಜಾಗ ಮುಟ್ಟಿದರೆ ಕಿವಿರು ಮೊದಲಿನಷ್ಟೇ ಜೋರಾಗಿ ಒಳಗೆ ಹೋಗುತ್ತದೆ. ಅಂದರೆ ಶಕ್ತಿ ಇತ್ತು. "ಈ ಮುಟ್ಟುವಿಕೆಯಿಂದ ಏನೂ ಆಗುವುದಿಲ್ಲ" ಎಂದು ಅದು ಕಲಿತಿತ್ತು. ಹೀಗೆ ಮುಟ್ಟುವ ಪಾಠವನ್ನು ಬಿಡುವು ಕೊಟ್ಟು ನಾಲ್ಕು ಸಲ ಮಾಡಿದರೆ ಅದರ ನೆನಪು ಮೂರು ವಾರದವರೆಗೂ ಉಳಿಯುತ್ತದೆ. ಈ ನೆನಪು ಎಲ್ಲಿದೆ ಎಂದೂ ಕ್ಯಾಂಡೆಲ್ ತಂಡ ತೋರಿಸಿತು. ಮುಟ್ಟಿದ್ದನ್ನು ತಿಳಿಯುವ ಕೋಶ ಮುಂದಿನ ಕೋಶಕ್ಕೆ ಸುರಿಯುವ ರಾಸಾಯನಿಕದ ಪ್ರಮಾಣ ಸಲದಿಂದ ಸಲಕ್ಕೆ ಕಡಿಮೆಯಾಗುತ್ತಿತ್ತು. ಈ ಸಾಲಿನ ಕೆಲಸಕ್ಕೆ 2000ರಲ್ಲಿ ಅವರಿಗೆ ನೊಬೆಲ್ ಬಂತು.

ಇಂಥ ರೂಢಿಯಾಗುವಿಕೆಗೆ ಕೆಲವು ನಿಯಮಗಳಿವೆ. ರಿಚರ್ಡ್ ಥಾಂಪ್ಸನ್ ಮತ್ತು ವಿಲಿಯಂ ಸ್ಪೆನ್ಸರ್ 1966ರಲ್ಲಿ ಅವನ್ನು ಒಟ್ಟು ಮಾಡಿದರು. ಪದೇ ಪದೇ, ಸಣ್ಣ ಅಂತರದಲ್ಲಿ ಬರುವ ಸೂಚನೆಗೆ ಪ್ರಾಣಿ ಬೇಗ ಒಗ್ಗುತ್ತದೆ. ಸೌಮ್ಯವಾದದ್ದಕ್ಕೆ ಇನ್ನೂ ಬೇಗ. ಸ್ವಲ್ಪ ಕಾಲ ನಿಲ್ಲಿಸಿದರೆ ಹಳೆಯ ಬೆಚ್ಚುವಿಕೆ ಮರಳುತ್ತದೆ. ಇನ್ನು ಟೈಮರ್ ಹಾಕಿ ಕಾಲು ಗಂಟೆಗೊಮ್ಮೆ ಸಿಡಿಯುವಂತೆ ಇಟ್ಟ ಗ್ಯಾಸ್ ಗನ್ ನೆನಪಿಸಿಕೊಳ್ಳಿ. ಬೆಳಗಿನಿಂದ ಸಂಜೆವರೆಗೆ, ತಪ್ಪದೆ, ಅದೇ ಜಾಗದಿಂದ, ಅದೇ ಸದ್ದು. ಮಂಗನನ್ನು ಸದ್ದಿಗೆ ಒಗ್ಗಿಸಲು ಇದಕ್ಕಿಂತ ಒಳ್ಳೆಯ ಯಂತ್ರ ಪ್ರಯೋಗಾಲಯದಲ್ಲೂ ಸಿಗಲಿಕ್ಕಿಲ್ಲ.

ಮೀನಿನ ಹಾರ್ನು

"ಏನೂ ಆಗುವುದಿಲ್ಲ" ಎಂದು ಕಲಿಯುವುದು ಸುಲಭದ ಪಾಠ. "ಇದಾದರೆ ಅದಾಗುತ್ತದೆ" ಎಂದು ಕಲಿಯುವುದು ಅದಕ್ಕಿಂತ ಮುಂದಿನದು. ಇದಕ್ಕೆ ನಮ್ಮ ಕರಾವಳಿಯಲ್ಲಿ ದಿನಾ ಬೆಳಿಗ್ಗೆ ಪ್ರಯೋಗ ನಡೆಯುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಒಳಊರುಗಳಿಗೆ ಬೈಕಿನ ಹಿಂದೆ ಮೀನಿನ ಬಾಕ್ಸು ಕಟ್ಟಿಕೊಂಡು ಬರುವವರ ಹಾರ್ನು ನಿಮಗೆ ಗೊತ್ತು. ಬೈಕು ಇನ್ನೂ ತಿರುವಿನಾಚೆ ಇರುವಾಗಲೇ ಮನೆಯ ಬೆಕ್ಕು ಬಾಲ ಎತ್ತಿಕೊಂಡು ಗೇಟಿನ ಹತ್ತಿರ ಹಾಜರ್. ಮೀನಿನ ವಾಸನೆ ಬರುವ ಮೊದಲೇ.

ಇದನ್ನು ಮೊದಲು ಅಳೆದು ನೋಡಿದವರು ರಷ್ಯಾದ ಇವಾನ್ ಪಾವ್ಲೊವ್. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಗಳ ಜೊಲ್ಲು ಅಳೆಯುತ್ತಿದ್ದಾಗ, ಊಟ ಬಾಯಿಗೆ ಬೀಳುವ ಮುಂಚೆಯೇ, ಊಟ ತರುವವರ ಹೆಜ್ಜೆ ಸದ್ದಿಗೇ ಜೊಲ್ಲು ಬರುತ್ತಿದ್ದುದು ಕಂಡಿತು. ಲೆಕ್ಕ ತಪ್ಪಿಸುವ ಕಿರಿಕಿರಿ ಎಂದು ಬಿಡದೆ ಅದನ್ನೇ ಹಿಡಿದರು. ತಾಳ ಹಾಕುವ ಯಂತ್ರ ಮೆಟ್ರೊನೊಮ್‌ನ ಟಿಕ್ ಟಿಕ್ ಕೇಳಿಸಿ ಆಮೇಲೆ ಊಟ ಕೊಟ್ಟರು. ಕೆಲವು ಸಲ ಹೀಗಾದ ಮೇಲೆ ಟಿಕ್ ಟಿಕ್ ಸದ್ದಿಗೇ ಜೊಲ್ಲು. ಊಟ ಕೊಡುವುದು ನಿಲ್ಲಿಸಿ ಬರೀ ಸದ್ದು ಕೇಳಿಸುತ್ತಾ ಹೋದರೆ ಜೊಲ್ಲು ನಿಂತಿತು. ಆದರೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಕೇಳಿಸಿದರೆ ತಿರುಗಿ ಬಂತು! ಹಳೆಯ ಪಾಠ ಅಳಿಸಿರಲಿಲ್ಲ, ಅದರ ಮೇಲೆ ಹೊಸ ಪಾಠ ಕೂತಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟನ್ನು ಶಾಲೆಯಲ್ಲೇ ಓದಿರುತ್ತೇವೆ. ಸದ್ದು ಮತ್ತು ಊಟ ಜೊತೆಜೊತೆಗೆ ಬಂದರೆ ಪ್ರಾಣಿ ಎರಡನ್ನೂ ಜೋಡಿಸುತ್ತದೆ, ಅಷ್ಟೇ ಅಲ್ವಾ? ಅರ್ಧ ಶತಮಾನ ವಿಜ್ಞಾನಿಗಳೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದರು. 1960ರ ದಶಕದ ಕೊನೆಗೆ ಎರಡು ಪ್ರಯೋಗಗಳು ಆ ಸರಳ ನಂಬಿಕೆಯನ್ನು ಕೆಡವಿದವು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲನೆಯದು ರಾಬರ್ಟ್ ರೆಸ್ಕೋರ್ಲಾ 1968ರಲ್ಲಿ ಪ್ರಕಟಿಸಿದ್ದು. ಇಲಿಗಳಿಗೆ ಆಗಾಗ ಒಂದು ಸದ್ದು ಕೇಳಿಸುತ್ತದೆ. ಸದ್ದು ಇರುವಾಗ ಕೆಲವೊಮ್ಮೆ ಸಣ್ಣ ಶಾಕ್ ಬೀಳುತ್ತದೆ. ಈ ಸಾಧ್ಯತೆ ನೂರಕ್ಕೆ 40. ಒಂದು ಗುಂಪಿಗೆ ಸದ್ದು ಇಲ್ಲದಾಗ ಶಾಕ್ ಇಲ್ಲವೇ ಇಲ್ಲ. ಇವು ಸದ್ದಿಗೆ ಚೆನ್ನಾಗಿ ಹೆದರಿದವು. ಇನ್ನೊಂದು ಗುಂಪಿಗೆ ಸದ್ದು ಇಲ್ಲದಾಗಲೂ ಅಷ್ಟೇ ಪ್ರಮಾಣದಲ್ಲಿ ಶಾಕ್. ಇವು ಸದ್ದಿಗೆ ಹೆದರಲೇ ಇಲ್ಲ. ಗಮನಿಸಿ, ಸದ್ದು ಮತ್ತು ಶಾಕ್ ಜೊತೆಯಾಗಿ ಬಂದದ್ದು ಎರಡೂ ಗುಂಪಿಗೆ ಒಂದೇ ರೀತಿ. ಬರೀ ಜೊತೆಯಾಗಿ ಬರುವುದೇ ಸಾಕಾಗಿದ್ದರೆ ಎರಡೂ ಗುಂಪು ಹೆದರಬೇಕಿತ್ತು. ಎರಡನೇ ಗುಂಪಿಗೆ ಆ ಸದ್ದು ಹೊಸದಾಗಿ ಏನನ್ನೂ ಹೇಳುತ್ತಿರಲಿಲ್ಲ, ಅದಕ್ಕೇ ಬಿಟ್ಟುಬಿಟ್ಟವು.

ಬೆಕ್ಕಿನ ವಿಷಯಕ್ಕೆ ತಂದು ನೋಡಿ. ಹಾರ್ನು ಬಾರಿಸಿದಾಗಲೂ ಮೀನಿನ ತಲೆ ಸಿಗುತ್ತದೆ, ಹಾರ್ನು ಇಲ್ಲದಾಗಲೂ ಅಜ್ಜಿ ಅಡುಗೆಮನೆಯಿಂದ ಅಷ್ಟೇ ಸಲ ತಾರ್ಲೆ ಎಸೆಯುತ್ತಾರೆ. ಆ ಮನೆಯ ಬೆಕ್ಕು ಹಾರ್ನಿಗೆ ಏಳುವುದಿಲ್ಲ. ಅಜ್ಜಿಯ ಕಾಲಬುಡದಲ್ಲಿ ಬಿದ್ದುಕೊಂಡಿರುತ್ತದೆ.

ಎರಡನೆಯದು ಕೆನಡಾದಲ್ಲಿ ಲಿಯಾನ್ ಕಾಮಿನ್ ಮಾಡಿದ್ದು. ಇಲಿಗಳಿಗೆ ಮೊದಲು ಸದ್ದು, ನಂತರ ಶಾಕ್. ಸದ್ದಿಗೆ ಹೆದರುವುದು ಚೆನ್ನಾಗಿ ಕಲಿತವು. ಈಗ ಸದ್ದಿನ ಜೊತೆಗೇ ಒಂದು ದೀಪವನ್ನೂ ಬೆಳಗಿಸಿ ಅದೇ ಶಾಕ್ ಕೊಟ್ಟರು. ಹಲವು ಸಲ ಹೀಗೆ ಮಾಡಿದ ಮೇಲೆ ದೀಪ ಮಾತ್ರ ತೋರಿಸಿದರು. ಹೆದರಿಕೆ ಇಲ್ಲವೆನ್ನುವಷ್ಟು ಕಡಿಮೆ. ಸದ್ದು ಮೊದಲೇ ಎಲ್ಲ ಹೇಳಿಬಿಟ್ಟಿತ್ತು, ದೀಪದಿಂದ ಹೊಸ ಸುದ್ದಿ ಇರಲಿಲ್ಲ. ಮೊದಲ ಹಂತವಿಲ್ಲದೆ ಎರಡನ್ನೂ ಒಟ್ಟಿಗೆ ಕಲಿತ ಇಲಿಗಳು ದೀಪಕ್ಕೂ ಹೆದರಿದವು. ಮೀನಿನವರು ಹಾರ್ನಿನ ಜೊತೆಗೆ "ಬಂಗಡೆ, ಶೆಟ್ಲಿ" ಎಂದು ಕೂಗುವ ಸಣ್ಣ ಸ್ಪೀಕರ್ ಹೊಸದಾಗಿ ಕಟ್ಟಿಸಿದರು ಅಂದುಕೊಳ್ಳಿ. ಒಂದು ದಿನ ಹಾರ್ನು ಕೆಟ್ಟು ಸ್ಪೀಕರ್ ಮಾತ್ರ ಕೂಗಿದರೆ ಹಳೇ ಬೆಕ್ಕು ಏಳದೆ ಇರುವ ಸಾಧ್ಯತೆಯೇ ಜಾಸ್ತಿ.

ಈ ಎರಡನ್ನೂ ಸೇರಿಸಿ ರೆಸ್ಕೋರ್ಲಾ ಮತ್ತು ಅಲನ್ ವ್ಯಾಗ್ನರ್ 1972ರಲ್ಲಿ ಒಂದು ಗಣಿತ ಸೂತ್ರ ಬರೆದರು. ಅದರ ಸಾರ: ನಿರೀಕ್ಷೆ ಮತ್ತು ನಡೆದದ್ದರ ನಡುವೆ ಎಷ್ಟು ವ್ಯತ್ಯಾಸವೋ ಅಷ್ಟು ಕಲಿಕೆ. ಅಚ್ಚರಿ ಇಲ್ಲದಲ್ಲಿ ಕಲಿಕೆ ಇಲ್ಲ. ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ ಎಂದು ತಿಳಿದದ್ದು ಸುಮಾರು 25 ವರ್ಷಗಳ ನಂತರ. ವೊಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸುರಿಯುವ ಕೋಶಗಳ ಸಂಕೇತ ಆಲಿಸುತ್ತಿದ್ದರು. ನಮ್ಮ ತೋಟಕ್ಕೆ ಬರುವ ಕೆಂಪು ಮಂಗದ ಹತ್ತಿರದ ಸಂಬಂಧಿಗಳೇ ಅವು. ಹೇಳದೆ ಕೇಳದೆ ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಆ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮೊದಲು ಒಂದು ಸೂಚನೆ ತೋರಿಸಿ ಅಭ್ಯಾಸ ಮಾಡಿಸಿದ ಮೇಲೆ ಸೂಚನೆಗೆ ಮಿಡಿದವು, ರಸಕ್ಕೆ ಮಿಡಿಯಲಿಲ್ಲ. ಸೂಚನೆ ತೋರಿಸಿ ರಸ ಕೊಡದಿದ್ದರೆ, ರಸ ಬರಬೇಕಿದ್ದ ಹೊತ್ತಿಗೆ ಸರಿಯಾಗಿ, ಮಿಡಿತ ಕುಗ್ಗಿತು. ಅಂದರೆ ನಿರೀಕ್ಷೆ ಎಷ್ಟು ತಪ್ಪಿತು ಎಂಬ ಲೆಕ್ಕ ಆ ಕೋಶಗಳಲ್ಲೇ ನಡೆಯುತ್ತಿತ್ತು.

ಇಲಿಗಳಿಗೆ ಶಾಕ್ ಕೊಟ್ಟ ಕಥೆ ಓದುವಾಗ ಇರುಸುಮುರುಸಾಗುವುದು ಸಹಜ. ನನಗೂ ಆಗುತ್ತದೆ. ಈಗ ಹೀಗೆ ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿ ಬಂದ 1998ರ ನಿಯಮಗಳ ಪ್ರಕಾರ, ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆ ನೋಂದಣಿ ಮಾಡಿಸಬೇಕು, ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು.

ಘಟ್ಟದ ತಿರುವಿನ ಬಿಸ್ಕತ್ತು

ಇಲ್ಲಿಯವರೆಗೆ ಪ್ರಾಣಿ ಸುಮ್ನೆ ಕೂತಿತ್ತು, ಘಟನೆಗಳು ತಾವಾಗಿ ಬರುತ್ತಿದ್ದವು. ಮಂಗ ಹಾಗೆ ಕೂರುವುದಿಲ್ಲ. ತಾನೇ ಏನಾದರೂ ಮಾಡಿ ಫಲ ಪಡೆಯುತ್ತದೆ. ಈ ಬಗೆಯ ಕಲಿಕೆಯನ್ನು ಮೊದಲು ಅಳೆದವರು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್. 1898ರ ಅವರ ಪ್ರಬಂಧದ ನಾಯಕರು ಹಸಿದ ಬೆಕ್ಕುಗಳು. ಪಟ್ಟಿ ಹೊಡೆದು ಮಾಡಿದ ಪೆಟ್ಟಿಗೆಯೊಳಗೆ ಬೆಕ್ಕು, ಹೊರಗೆ ತಿಂಡಿ. ಹಗ್ಗ ಎಳೆದರೋ ಚಿಲಕ ಒತ್ತಿದರೋ ಬಾಗಿಲು ತೆರೆಯುತ್ತದೆ. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಹೇಗೋ ಚಿಲಕಕ್ಕೆ ಕಾಲು ತಗುಲಿ ಹೊರಬರುತ್ತದೆ. ಮರುಸಲ ಸ್ವಲ್ಪ ಬೇಗ. ಹೊರಬರಲು ಹಿಡಿದ ಸಮಯವನ್ನು ಅವರು ಗೆರೆ ಎಳೆದು ನೋಡಿದರು. "ಓಹೋ, ಹೀಗಾ!" ಎಂದು ಒಮ್ಮೆಲೇ ಹೊಳೆದಿದ್ದರೆ ಆ ಗೆರೆ ಧೊಪ್ಪನೆ ಬೀಳಬೇಕಿತ್ತು. ಅದು ಏರುಪೇರಾಗಿ ನಿಧಾನಕ್ಕೆ ಇಳಿಯಿತು. ಒಳ್ಳೆಯ ಫಲ ತಂದ ಕೆಲಸ ಉಳಿಯುತ್ತದೆ, ಉಳಿದದ್ದು ಉದುರುತ್ತದೆ ಎಂದು ಅವರು ತೀರ್ಮಾನಿಸಿದರು.

ಬಿ. ಎಫ್. ಸ್ಕಿನ್ನರ್ ಇದನ್ನೇ ಯಂತ್ರಕ್ಕೆ ಕೂರಿಸಿದರು. ಪೆಟ್ಟಿಗೆಯೊಳಗೆ ಇಲಿ, ಒಂದು ಸನ್ನೆ (ಲಿವರ್), ಒತ್ತಿದರೆ ಕಾಳಿನಷ್ಟು ತಿಂಡಿ. ಅವರ ಎರಡು ದೊಡ್ಡ ಶೋಧಗಳ ಹಿಂದೆ ಆಕಸ್ಮಿಕಗಳಿವೆ. ಇದನ್ನು ಅವರೇ ತಮಾಷೆಯಾಗಿ ಬರೆದುಕೊಂಡಿದ್ದಾರೆ. ಒಮ್ಮೆ ತಿಂಡಿ ಬೀಳಿಸುವ ಯಂತ್ರ ಸಿಕ್ಕಿಹಾಕಿಕೊಂಡಿತು. ಇಲಿ ಸನ್ನೆ ಒತ್ತುವುದನ್ನು ಹೇಗೆ ಬಿಡುತ್ತದೆ ಎಂಬುದರ ಮೊದಲ ನಕ್ಷೆ ಸಿಕ್ಕಿದ್ದು ಹಾಗೆ. ಇನ್ನೊಮ್ಮೆ ಶನಿವಾರ ತಿಂಡಿಯ ದಾಸ್ತಾನು ಮುಗಿಯುವಂತೆ ಕಂಡಿತು. ಪ್ರತಿ ಸಲ ಯಾಕೆ ಕೊಡಬೇಕು, ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಸಾಲದೇ ಎಂದುಕೊಂಡರು. ಇಲಿ ಬಿಡದೆ ಒತ್ತುತ್ತಲೇ ಇತ್ತು.

ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನದ ಗುಟ್ಟು ಇಲ್ಲಿದೆ. ಪ್ರತಿ ಸಲ ತಿಂಡಿ ಪಡೆದ ಇಲಿ, ತಿಂಡಿ ನಿಂತ ಕೂಡಲೇ ಬದಲಾವಣೆ ಗುರುತಿಸಿ ಬೇಗ ಬಿಡುತ್ತದೆ. ಹತ್ತಕ್ಕೊಮ್ಮೆ ಇಪ್ಪತ್ತಕ್ಕೊಮ್ಮೆ ಪಡೆದ ಇಲಿಗೆ ನಿಂತದ್ದೇ ಗೊತ್ತಾಗುವುದಿಲ್ಲ. ಬರೀಗೈ ಅದಕ್ಕೆ ಮಾಮೂಲು. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದಾರಿಯಂಥ ಘಟ್ಟದ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗನಿಗೆ ಬಿಸ್ಕತ್ತು, ಚಿಪ್ಸು ಎಸೆಯುವವರು ಇದನ್ನೇ ಮಾಡುತ್ತಿರುತ್ತಾರೆ. ನೂರು ಕಾರು ನಿಲ್ಲದೆ ಹೋಗುತ್ತವೆ, ಒಂದು ನಿಲ್ಲುತ್ತದೆ. ಬಿಡಿಸಲು ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. "ನಾನು ಒಂದೇ ಸಲ ಕೊಟ್ಟದ್ದು" ಎನ್ನುವುದು ಇಲ್ಲಿ ಸಮರ್ಥನೆಯೇ ಅಲ್ಲ. ಅಪರೂಪಕ್ಕೆ ಕೊಡುವುದೇ ಹೆಚ್ಚು ಗಟ್ಟಿ ಪಾಠ.

ನಮ್ಮ ಮಂಗಗಳು ಇದರಲ್ಲಿ ಎಷ್ಟು ಮುಂದೆ ಹೋಗಬಲ್ಲವು ಎಂಬುದಕ್ಕೆ ಬಂಡೀಪುರದ ಉದಾಹರಣೆ ಇದೆ. ಅಲ್ಲಿನ ಕೆಂಪು ಮಂಗಗಳು ಪ್ರವಾಸಿಗರ ಮುಂದೆ ಕೈ ಚಾಚಿ, ಒಂದು ಬಗೆಯ "ಕೂ" ಸ್ವರ ಹೊರಡಿಸಿ ತಿಂಡಿ ಕೇಳುವುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದರು. ತಮ್ಮ ತಮ್ಮಲ್ಲಿ ಬೇರೆ ಕೆಲಸಕ್ಕೆ ಬಳಸುವ ಕೂಗನ್ನು ಅವು ಮನುಷ್ಯರ ಮೇಲೆ ಪ್ರಯೋಗಿಸಿದ್ದವು. ಯಾರು ಯಾರಿಗೆ ಕಲಿಸಿದರು ಹೇಳಿ! ಅಂದಹಾಗೆ ಬಹುಮಾನ ಎಂದರೆ ತಿಂಡಿಯೇ ಆಗಬೇಕಿಲ್ಲ. ಕೋಲ್ಕತ್ತಾದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಬೀದಿನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಅಪರಿಚಿತರ ಮೇಲೆ ನಾಯಿಗೆ ನಂಬಿಕೆ ಬೆಳೆಸಲು ತಿಂಡಿಗಿಂತ ತಲೆ ಸವರುವುದೇ ಹೆಚ್ಚು ಕೆಲಸ ಮಾಡಿತು.

ಪಾರಿವಾಳದ ನಂಬಿಕೆ, ನಮ್ಮ ನಂಬಿಕೆ

1948ರಲ್ಲಿ ಸ್ಕಿನ್ನರ್ ಒಂದು ವಿಚಿತ್ರ ಕೆಲಸ ಮಾಡಿದರು. ಹಸಿದ ಪಾರಿವಾಳಗಳಿಗೆ, ಅವು ಏನೇ ಮಾಡುತ್ತಿರಲಿ, 15 ಸೆಕೆಂಡಿಗೊಮ್ಮೆ ಕಾಳು ಸಿಗುವಂತೆ ಯಂತ್ರ ಇಟ್ಟರು. ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ಚಾಳಿ ಹಿಡಿದವು. ಒಂದು ಗಿರಗಿರ ಸುತ್ತಿತು. ಒಂದು ಪಂಜರದ ಮೂಲೆಗೆ ತಲೆ ಚುಚ್ಚುತ್ತಿತ್ತು. ಕಾಳು ಬಿದ್ದಾಗ ಆಕಸ್ಮಿಕವಾಗಿ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತೆಂದು ಕಲಿತವು ಎಂದು ಸ್ಕಿನ್ನರ್ ವಿವರಿಸಿದರು. 1971ರಲ್ಲಿ ಜಾನ್ ಸ್ಟ್ಯಾಡನ್ ಮತ್ತು ವರ್ಜೀನಿಯಾ ಸಿಮ್ಮೆಲ್‌ಹಾಗ್ ಇನ್ನೂ ಸೂಕ್ಷ್ಮವಾಗಿ ನೋಡಿ, ಹಲವು ಚಾಳಿಗಳು ಆಕಸ್ಮಿಕವಲ್ಲ, ಕಾಳಿಗೆ ಕಾಯುವ ಪಾರಿವಾಳ ಸಹಜವಾಗಿ ಮಾಡುವಂಥವೇ ಎಂದರು. ಪಾರಿವಾಳದ ಮಟ್ಟಿಗೆ ಅವರ ವಾದವೇ ಸರಿ ಇರಬೇಕು.

ಆದರೆ ಸ್ಕಿನ್ನರ್ ಹೇಳಿದ ತಪ್ಪು ಲೆಕ್ಕ ನಮ್ಮಲ್ಲಿ ಯಥೇಚ್ಛವಾಗಿದೆ. ಮಂಗನ ಹಿಂಡು ಒಂದು ತೋಟದಲ್ಲಿ ದಿನವಿಡೀ ಇರುವುದಿಲ್ಲ. ತಿಂದು, ಕೆಡವಿ, ಮುಂದಕ್ಕೆ ಹೋಗುತ್ತದೆ. ಹೊರಡುವ ಹೊತ್ತಿಗೆ ನಾವು ಗರ್ನಾಲು ಹೊಡೆದಿದ್ದರೆ ಓಡಿಸಿದ್ದು ಗರ್ನಾಲು ಎಂದು ನಂಬುತ್ತೇವೆ. ಗರ್ನಾಲು ಹೊಡೆಯದ ದಿನ ಎಷ್ಟು ಹೊತ್ತು ಇರುತ್ತಿತ್ತು? ಇದನ್ನು ಯಾರೂ ಬರೆದಿಡುವುದಿಲ್ಲ. ಪ್ರಯೋಗಾಲಯಕ್ಕೂ ಅನುಭವಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ. ಅಲ್ಲಿ ಏನೂ ಮಾಡದ ಒಂದು ಗುಂಪನ್ನೂ ಇಟ್ಟು ನೋಡುತ್ತಾರೆ.

ನೋಡುವವರೇ ಫಲವನ್ನು ಕೆಡಿಸಬಹುದು ಎಂಬ ಎಚ್ಚರ ಬಂದದ್ದು ಒಂದು ಕುದುರೆಯಿಂದ. ಬರ್ಲಿನ್‌ನ ಹಾನ್ಸ್ ಎಂಬ ಕುದುರೆ ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಕೂಲಂಕಷವಾಗಿ ಪರೀಕ್ಷಿಸಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರಲಿಲ್ಲ. ಸರಿ ಸಂಖ್ಯೆ ಬಂದಾಗ ಕೇಳಿದವರ ತಲೆ ತಮಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಲೆಕ್ಕ ಬರದಿದ್ದರೂ ಮನುಷ್ಯರನ್ನು ಓದಲು ಬರುತ್ತಿತ್ತು. ಕೋವಿ ಹಿಡಿದವರನ್ನೂ ಬರಿಗೈಯವರನ್ನೂ ಮಂಗ ಬೇರೆ ಮಾಡಿ ಗುರುತಿಸುತ್ತದೆ ಎಂದು ತೋಟದವರು ಹೇಳಿದಾಗ ನಾನು ನಗುವುದಿಲ್ಲ.

ತೆಂಗಿನ ಮರದ ಇಲಿ

ಯಾವ ಸೂಚನೆಯನ್ನಾದರೂ ಯಾವ ಫಲಕ್ಕಾದರೂ ಜೋಡಿಸಬಹುದೇ? ಸ್ಕಿನ್ನರ್ ಕಾಲದವರು ಹೆಚ್ಚುಕಡಿಮೆ ಹೌದು ಅನ್ನುತ್ತಿದ್ದರು. ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೆಲ್ಲಿಂಗ್ 1966ರಲ್ಲಿ ಇಲ್ಲ ಎಂದು ತೋರಿಸಿದರು. ಇಲಿಗಳು ಸಿಹಿ ನೀರು ಕುಡಿಯುವಾಗ ದೀಪ ಮಿನುಗಿ ಟಿಕ್ ಎಂದು ಸದ್ದಾಗುತ್ತಿತ್ತು. ಅಂದರೆ ನೀರಿಗೆ ರುಚಿಯೂ ಇದೆ, ಬೆಳಕು ಸದ್ದೂ ಇದೆ. ಕೆಲವಕ್ಕೆ ಆಮೇಲೆ ಹೊಟ್ಟೆ ತೊಳೆಸುವಂತೆ ಮಾಡಿದರು, ಕೆಲವಕ್ಕೆ ಕಾಲಿಗೆ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟವು ಸಿಹಿ ರುಚಿಯನ್ನು ಬಿಟ್ಟವು, ಬೆಳಕು ಸದ್ದಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಶಾಕ್ ತಿಂದವು ಬೆಳಕು ಸದ್ದಿಗೆ ಹೆದರಿದವು, ರುಚಿಯನ್ನು ದೂರಲಿಲ್ಲ. ಹೊಟ್ಟೆನೋವಿಗೆ ಕಾರಣ ತಿಂದದ್ದು, ಚರ್ಮದ ನೋವಿಗೆ ಕಾರಣ ಹೊರಗಿನದು ಎಂಬ ಒಲವು ಹುಟ್ಟಿನಿಂದಲೇ ಇರುವಂತಿತ್ತು. ಇನ್ನೊಂದು ಅಚ್ಚರಿ: ತಿಂದು ಎಷ್ಟೋ ಗಂಟೆ ಕಳೆದು ಹೊಟ್ಟೆ ಕೆಟ್ಟರೂ ಇಲಿ ಆ ರುಚಿಯನ್ನು ದೂರುತ್ತದೆ. ಅದೂ ಒಂದೇ ಅನುಭವದಲ್ಲಿ.

ಇದು ಗೊತ್ತಿಲ್ಲದಿದ್ದರೆ ಇಲಿಪಾಷಾಣ ಯಾಕೆ ಸೋಲುತ್ತದೆ ಎಂದು ತಿಳಿಯುವುದಿಲ್ಲ. ಜಿಂಕ್ ಫಾಸ್ಫೈಡ್‌ನಂಥ ವಿಷ ಕೆಲವೇ ಗಂಟೆಯಲ್ಲಿ ಕೆಲಸ ಶುರುಮಾಡುತ್ತದೆ. ಸ್ವಲ್ಪವೇ ತಿಂದು ಬದುಕಿದ ಇಲಿ ಬಹಳ ಕಾಲ ಆ ತಿಂಡಿ ಮುಟ್ಟುವುದಿಲ್ಲ. ಅದಕ್ಕೇ ಮೊದಲು ಕೆಲವು ದಿನ ವಿಷವಿಲ್ಲದ ತಿಂಡಿಯನ್ನೇ ಇಡಿ ಎಂದು ಸಲಹೆ ಕೊಡುತ್ತಾರೆ. ತೆಂಗಿನ ಮರದ ಸುಳಿಯಲ್ಲಿ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆಯ ದಾರಿ ಬೇರೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಫಲ ಕಾಣಲು ದಿನಗಳೇ ಬೇಕು. ಗಾರ್ಸಿಯಾ ತೋರಿಸಿದ ಗಂಟೆಗಳ ಅಂತರವೂ ಅಲ್ಲಿಗೆ ಎಟಕುವುದಿಲ್ಲ. ಇಲಿಗೆ ಕಾರಣ ಹೊಳೆಯುವ ಹೊತ್ತಿಗೆ ತಡವಾಗಿರುತ್ತದೆ. ತೋಟದ ಮಂಗನಿಗೆ ಈ ದಾರಿ ಹಿಡಿಯಲು ಯಾರೂ ಹೋಗಬಾರದು. ಕಾಡುಪ್ರಾಣಿಗೆ ವಿಷವಿಡುವುದು ಅಪರಾಧ, ಸಾಯುವುದು ಮಂಗ ಒಂದೇ ಅಲ್ಲ. ಸಾಯಿಸದೆ ಹೊಟ್ಟೆ ಮಾತ್ರ ಕೆಡಿಸುವ ಉಪಾಯವನ್ನು ಅಮೆರಿಕದಲ್ಲಿ 1970ರ ದಶಕದಲ್ಲಿ ಕುರಿ ಕದಿಯುವ ಕಾಯೋಟಿ ಎಂಬ ತೋಳದಂಥ ಪ್ರಾಣಿಗಳ ಮೇಲೆ ಮಾಡಿ ನೋಡಿದ್ದರು. ಪಂಜರದಲ್ಲಿ ಚೆನ್ನಾಗಿ ನಡೆಯಿತು, ಬಯಲಿನಲ್ಲಿ ಫಲದ ಬಗ್ಗೆ ಜಗಳವೇ ಆಯಿತು.

ಹೆದರಿಕೆಯಲ್ಲೂ ಇಂಥ ಒಲವಿದೆ. ಸೂಸನ್ ಮಿನೆಕಾ ಮತ್ತು ಮೈಕಲ್ ಕುಕ್ 1980ರ ದಶಕದಲ್ಲಿ ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ರೀಸಸ್ ಮಂಗಗಳನ್ನು ತೆಗೆದುಕೊಂಡರು. ಅವಕ್ಕೆ ಹಾವೆಂದರೆ ಭಯವಿರಲಿಲ್ಲ. ಕಾಡಿನಲ್ಲಿ ಬೆಳೆದ ಮಂಗ ಹಾವು ಕಂಡು ಬೆದರುವುದನ್ನು ಒಂದೆರಡು ಸಲ ನೋಡಿದ್ದೇ ಇವೂ ಹೆದರಲು ಕಲಿತವು. ಆಮೇಲೆ ವಿಡಿಯೊ ಕತ್ತರಿಸಿ ಜೋಡಿಸಿ, ಅದೇ ಮಂಗ ಹೂವನ್ನು ಕಂಡು ಬೆದರಿದಂತೆ ತೋರಿಸಿದರು. ಹೂವಿಗೆ ಯಾವ ಮಂಗವೂ ಹೆದರಲು ಕಲಿಯಲಿಲ್ಲ. ಬೆರ್ಚಪ್ಪ ಈ ಎರಡರಲ್ಲಿ ಯಾವ ಕಡೆ ಬರುತ್ತಾನೆ ಎಂದು ಹೇಳಬೇಕಿಲ್ಲ.

ನೋಡಿ ಕಲಿಯುವ ಈ ದಾರಿ ತೋಟದವರಿಗೆ ಬಹಳ ಮುಖ್ಯ. ಪಂಜರದ ಇಲಿ ಒಂಟಿ, ಮಂಗ ಹಿಂಡಿನಲ್ಲಿರುತ್ತದೆ. ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ತಂಡ 2006ರಲ್ಲಿ ಗುಹಾಮಾನವನ ಮುಖವಾಡ ಹಾಕಿಕೊಂಡು ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಟ್ಟಿತು. ನಂತರ ಅದೇ ಮುಖವಾಡ ಹಾಕಿ ಯಾರು ನಡೆದರೂ ಕಾಗೆಗಳು ಕೂಗಿ ಮುತ್ತಿದವು. ಬೇರೆ ಮುಖವಾಡಕ್ಕೆ ಹಾಗೆ ಮಾಡಲಿಲ್ಲ. ವರ್ಷ ಕಳೆದಂತೆ ಬೈಯುವ ಕಾಗೆಗಳ ಸಂಖ್ಯೆ ಹೆಚ್ಚಿತು. ಎಂದೂ ಸಿಕ್ಕಿಬೀಳದ ಕಾಗೆಗಳೂ ಮರಿಗಳೂ ಅದರಲ್ಲಿದ್ದವು.

ಇನ್ನು ಬಹುಮಾನ ಸಿಗದಿದ್ದರೂ ಕಲಿಕೆ ನಡೆಯುತ್ತಲೇ ಇರುತ್ತದೆ. ಎಡ್ವರ್ಡ್ ಟೋಲ್ಮನ್ ಮತ್ತು ಹಾನ್‌ಜಿಕ್ 1930ರಲ್ಲಿ ಒಂದು ಗುಂಪಿನ ಇಲಿಗಳನ್ನು ಹತ್ತು ದಿನ ತಿಂಡಿಯಿಲ್ಲದೆ ಚಕ್ರವ್ಯೂಹದಲ್ಲಿ ಅಲೆದಾಡಲು ಬಿಟ್ಟರು. ಏನೂ ಕಲಿತಂತೆ ಕಾಣಲಿಲ್ಲ. ಹನ್ನೊಂದನೇ ದಿನ ಕೊನೆಯಲ್ಲಿ ತಿಂಡಿ ಇಟ್ಟರು. ಮರುದಿನವೇ ಅವು ಮೊದಲಿನಿಂದ ತಿಂಡಿ ಪಡೆದ ಇಲಿಗಳ ಸಮಕ್ಕೆ ಓಡಿದವು. ದಾರಿ ತಲೆಯಲ್ಲಿತ್ತು, ಓಡಲು ಕಾರಣ ಇರಲಿಲ್ಲ. ಬೇಸಿಗೆಯಲ್ಲಿ ನಿಮ್ಮ ತೋಟದ ಅಂಚಿನಲ್ಲಿ ಸುಮ್ನೆ ಹಾದುಹೋಗುವ ಹಿಂಡಿಗೂ ಬಾಳೆ ಎಲ್ಲಿದೆ, ನಾಯಿ ಎಲ್ಲಿ ಮಲಗುತ್ತದೆ ಎಂಬ ನಕ್ಷೆ ಇರಬಹುದು.

ಇಷ್ಟಾದ ಮೇಲೆ ಕೇಳುವ ಪ್ರಶ್ನೆ ಒಂದೇ: ಹಾಗಾದರೆ ಏನು ಮಾಡಬೇಕು? ಮಂತ್ರದಂಥ ಉತ್ತರ ಈ ಪ್ರಯೋಗಗಳಲ್ಲಿಲ್ಲ. ಆದರೆ ಕೆಲವು ಮಾತು ಧೈರ್ಯವಾಗಿ ಹೇಳಬಹುದು. ಸದ್ದು ಮಾಡುವುದಾದರೆ ಮಂಗ ಕಂಡಾಗ ಮಾತ್ರ ಮಾಡಿ, ಅದೂ ಬಾಳೆಗೊನೆಗೆ ಕೈ ಹಾಕುವ ಮೊದಲು. ತಿಂದು ಮುಗಿದ ಮೇಲೆ ಹೊಡೆದ ಗರ್ನಾಲು ತಿಂದದ್ದಕ್ಕೆ ಶಿಕ್ಷೆಯಾಗುವುದಿಲ್ಲ, "ಹೊರಡುವ ಹೊತ್ತಾಯಿತು" ಎಂಬ ಸೂಚನೆಯಾಗುತ್ತದೆ ಅಷ್ಟೇ. ಸದ್ದಿನ ಹಿಂದೆ ಏನಾದರೂ ನಿಜವಾಗಿ ಬರಬೇಕು: ಓಡಿ ಬರುವ ಜನ, ಬಿಟ್ಟ ನಾ‍ಯಿ. ಕಟ್ಟಿದ ನಾಯಿಯ ಹಗ್ಗದ ಅಳತೆ ಮಂಗನಿಗೆ ಬೇಗ ಗೊತ್ತಾಗುತ್ತದೆ. ಗೊಂಬೆ, ಗನ್ ಏನೇ ಇದ್ದರೂ ಬೆಳೆ ಇಲ್ಲದ ದಿನಗಳಲ್ಲಿ ಒಳಗಿಡಿ, ಬಿಡುವು ಸಿಕ್ಕರೆ ಬೆಚ್ಚುವಿಕೆ ಸ್ವಲ್ಪವಾದರೂ ಮರಳುತ್ತದೆ. ಒಂದು ವರ್ಷ ಬರದ ಹಿಂಡು ಮರೆತಿದೆ ಎಂದು ನಂಬಬೇಡಿ, ಪಾವ್ಲೊವ್‌ನ ನಾಯಿಯ ಜೊಲ್ಲು ತಿರುಗಿ ಬಂದದ್ದು ಹಾಗೇ. ಒಬ್ಬರ ತೋಟದಲ್ಲಿ ಮಾತ್ರ ಕಾವಲಿದ್ದು ಪಕ್ಕದ್ದು ಬರಿದಾಗಿ ಬಿದ್ದಿದ್ದರೆ ಹಿಂಡು ಪಕ್ಕಕ್ಕೆ ಸರಿದು, ಅಲ್ಲಿಂದ ಆಗೊಮ್ಮೆ ಈಗೊಮ್ಮೆ ಇತ್ತ ಬಂದು ನೋಡುತ್ತದೆ. ಹತ್ತಕ್ಕೊಮ್ಮೆ ಬಾಳೆ ಸಿಕ್ಕರೂ ಅದಕ್ಕೆ ಸಾಕು. ಹಾಗಾಗಿ ಕೇರಿಯವರೆಲ್ಲ ಒಟ್ಟಿಗೆ, ಗೊನೆ ಬಲಿಯುವ ಮೊದಲೇ ಶುರುಮಾಡಬೇಕು, ಘಟ್ಟದ ರಸ್ತೆಯಲ್ಲಿ ಬಿಸ್ಕತ್ತು ಎಸೆಯುವುದನ್ನೂ ಅದರ ಜೊತೆಗೇ ನಿಲ್ಲಿಸಬೇಕು.